ಮೋಟಾರು ಗಾಡಿಯ ವೈಪರ್ ತೋಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ಕ್ರಮ

ಕಾವೇರಿ ಕಪಿಲಾ ನದಿಗಳ ಸಂಗಮಸ್ಥಾನವಾದ ತಿರುಮಕೂಡಲು ನರಸೀಪುರದ ಸುತ್ತಣ ಗ್ರಾಮಗಳಲ್ಲಿ ಈಗ ಅನೇಕ ಜಮೀನುದಾರರು ಕಾರು ಜೀಪುಗಳನ್ನು ಇಟ್ಟುಕೊಂಡಿರುವರು. ಹಿಂಗಾರು ಮಳೆಯ ಸಂಜೆ ಮೈಸೂರಿನಿಂದ ಹಿಂದಿರುಗುವಾಗ, ಹಿಂಬದಿಯಲ್ಲಿ ದೀಪವಿಲ್ಲದೆ ಸಾಗುವ ಕಬ್ಬಿನ ಗಾಡಿಯು ಸಕಾಲದಲ್ಲಿ ಕಣ್ಣಿಗೆ ಬೀಳಬೇಕಾದರೆ ಮುಂಗಾಜು ಶುಭ್ರವಾಗಿರಬೇಕು. ಗಾಡಿಯವನ, ಎತ್ತುಗಳ ಮತ್ತು ಕಾರಿನವರ ಪ್ರಾಣವು ಇದನ್ನೇ ಅವಲಂಬಿಸಿರುವುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಗಾಜನ್ನು ಒರೆಸುವ ಸಾಧನವನ್ನು ಕಡ್ಡಾಯಪಡಿಸಿವೆ. ಅಮೆರಿಕಾದ ಮೇರಿ ಆಂಡರ್ಸನ್ ಎಂಬಾಕೆಯು 1903ರಲ್ಲಿ ಹಕ್ಕುಪತ್ರ ಪಡೆದ ವೈಪರನ್ನು ಒಳಗಿನಿಂದ ಕೈಯಲ್ಲಿ ಆಡಿಸಬೇಕಾಗಿತ್ತು; ಈಗ ವಿದ್ಯುತ್ ಮೋಟಾರು ಆ ಕೆಲಸವನ್ನು ಮಾಡುವುದು.

ದೋಷದ ಲಕ್ಷಣಗಳು: ಸ್ವಿಚ್ಚು ನಿಲ್ಲಿಸಿದ ಮೇಲೆ ಕಡ್ಡಿಯು ಗಾಜಿನ ಕೆಳಅಂಚಿಗೆ ಇಳಿಯದೆ ಚಾಲಕನ ದೃಷ್ಟಿಗೆ ಅಡ್ಡವಾಗಿ ನಿಲ್ಲುವುದು, ಇಲ್ಲವೆ ಓಡುವಾಗ ಪಕ್ಕದ ಕಂಬಕ್ಕೆ ಬಡಿಯುವುದು.

ಕಾರಣ: ತೋಳಿನ ಬುಡವು ಸಣ್ಣ ಹಲ್ಲುಗಳುಳ್ಳ ಕೀಲಿನ ಮೇಲೆ ನಟ್ಟಿನಿಂದ ಬಿಗಿಯಲ್ಪಟ್ಟಿರುವುದು. ನಟ್ಟು ಸಡಿಲವಾದರೆ, ಅಥವಾ ಕೆಸರು ಹಿಡಿದ ಕಡ್ಡಿಯನ್ನು ಬಲವಂತವಾಗಿ ಎಳೆದರೆ ತೋಳು ಹಲ್ಲು ತಪ್ಪುವುದು. ಏತದ ಮರವು ಬುಡದಲ್ಲಿ ಅಲ್ಪ ಕದಲಿದರೂ ತುದಿ ಬಹುದೂರ ಚಲಿಸುವಂತೆ, ಇಲ್ಲಿ ಒಂದೇ ಹಲ್ಲಿನ ವ್ಯತ್ಯಾಸವು ತುದಿಯಲ್ಲಿ ದೊಡ್ಡದಾಗಿ ಕಾಣುವುದು.

ಸರಿಪಡಿಸುವ ಕ್ರಮ: ಮೊದಲು ಗಾಜಿಗೆ ನೀರೆರಚಿ ವೈಪರನ್ನು ನಿಧಾನವಾಗಿ ಓಡಿಸಿ, ಅದರ ಸ್ವಿಚ್ಚಿನಿಂದಲೇ ನಿಲ್ಲಿಸತಕ್ಕದ್ದು. ಆಗ ಮೋಟಾರು ತನ್ನ ವಿಶ್ರಾಂತಿಸ್ಥಾನಕ್ಕೆ ಬಂದು ನಿಲ್ಲುವುದು. ನಡುವೆ ಗಾಡಿಯ ಕೀಲಿಕೈಯನ್ನೇ ತಿರುಗಿಸಿಬಿಟ್ಟರೆ ಕಡ್ಡಿಯು ದಾರಿಯಲ್ಲಿಯೇ ನಿಂತು, ಮುಂದಿನ ಅಳತೆಯೆಲ್ಲ ತಪ್ಪುವುದು. ವೈಪರು ನಿಂತ ಬಳಿಕ ಕೀಲಿಕೈಯನ್ನು ತೆಗೆದಿಡಬೇಕು. ಕಡ್ಡಿಯು ನಿಲ್ಲಬೇಕಾದ ಸ್ಥಳವನ್ನು ಗಾಡಿಯೊಡನೆ ಕೊಟ್ಟ ಪುಸ್ತಕದಲ್ಲಿ ನೋಡಿ, ಗಾಜಿನ ಮೇಲೆ ಅಂಟುಪಟ್ಟಿಯಿಂದ ಗುರುತಿಡಬೇಕು. ತೋಳು ಕೈತಪ್ಪಿ ಬಿದ್ದರೆ ಗಾಜು ಒಡೆಯುವುದುಂಟು; ಆದುದರಿಂದ ಮಡಿಸಿದ ದಪ್ಪ ಬಟ್ಟೆಯನ್ನು ಗಾಜಿನ ಮೇಲೆ ಹಾಸುವುದು ಅವಶ್ಯಕ.

ಬುಡದ ಮುಚ್ಚಳ ತೆಗೆದು, ನಟ್ಟನ್ನು ಕೆಲವು ಸುತ್ತು ಮಾತ್ರ ಸಡಿಲಿಸಿ, ತೋಳನ್ನು ಮೆಲ್ಲನೆ ಅತ್ತಿತ್ತ ಅಲುಗಿಸಿ ಬಿಡಿಸಬೇಕು. ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಕಾಯುವುದು ಲೇಸು. ಸುತ್ತಿಗೆಯ ಪೆಟ್ಟು ಕೂಡದು, ಕೀಲು ಬಾಗುವುದು. ಅನಂತರ ನಟ್ಟನ್ನು ಕಳಚಿ, ಹಲ್ಲುಗಳ ಮಣ್ಣನ್ನು ಬ್ರಷ್ಷಿನಿಂದ ತೆಗೆದು, ಕಡ್ಡಿಯನ್ನು ಗುರುತಿಗೆ ಸರಿಯಾಗಿ ಕೂರಿಸಿ, ನಟ್ಟನ್ನು ಬಿಗಿಮಾಡತಕ್ಕದ್ದು. ಎಡಬಲದ ತೋಳುಗಳನ್ನು ಅದಲುಬದಲು ಮಾಡಬಾರದು.

ಕೊನೆಗೆ ಬಟ್ಟೆಯನ್ನು ತೆಗೆದು, ಒದ್ದೆ ಗಾಜಿನ ಮೇಲೆ ನಿಧಾನವಾಗಿಯೂ ವೇಗವಾಗಿಯೂ ಓಡಿಸಿ ಪರೀಕ್ಷಿಸಬೇಕು. ಕಡ್ಡಿಗಳು ಒಂದಕ್ಕೊಂದು ತಾಗದೆ, ಕಂಬಕ್ಕೂ ಬಡಿಯದೆ, ನಿಲ್ಲಿಸಿದಾಗ ಗುರುತಿಗೆ ಬಂದರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು. ಹಲ್ಲು ಸವೆದು ಪುನಃ ಜಾರುವ ತೋಳನ್ನು ಬದಲಾಯಿಸದೆ ವಿಧಿಯಿಲ್ಲ. ಸ್ಥಾನ ಸರಿಯಾಗಿದ್ದೂ ಗಾಜಿನಲ್ಲಿ ಗೆರೆಗಳುಳಿದರೆ, ಅದು ಸಾಮಾನ್ಯವಾಗಿ ಬಿಸಿಲಿಗೆ ಗಡುಸಾದ ರಬ್ಬರಿನ ದೋಷ.

ನಾಲೆಗೆ ನೀರು ಬಿಡುವ ಮುಂಚೆಯೇ ಹೂಳೆತ್ತುವುದು ರೈತರ ವಾಡಿಕೆ. ಅಂತೆಯೇ ಮಳೆಗಾಲಕ್ಕೆ ಮುಂಚೆ ಈ ಪರೀಕ್ಷೆಯನ್ನು ತಾವೂ ಮಾಡಿ, ಗ್ರಾಮದ ಇತರ ವಾಹನದಾರರಿಗೂ ತಿಳಿಸಿಕೊಡುವುದು ಮುಖಂಡರಿಗೆ ಉಚಿತವಾದ ಕಾರ್ಯ.