ಬೆಟ್ಟದ ಸೈಕಲ್: ಯಾವ ದಾರಿಗೆ ಯಾವುದು?

1976ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟವೊಂದರಲ್ಲಿ ಹಳೆಯ ಸೈಕಲ್‌ಗಳ ಇಳಿಜಾರಿನ ಪಂದ್ಯ ಶುರುವಾಯಿತು. ಬ್ರೇಕಿನ ಗ್ರೀಸ್ ಕಾದು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಅದಕ್ಕೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು.

ಇಂದು ಎರಡೂ ಚಕ್ರಗಳಿಗೆ ಸಸ್ಪೆನ್ಷನ್ ಇರುವ ಸೈಕಲ್‌ಗಳಲ್ಲಿ ಹಲವು ಬಗೆ. ಏರು-ಇಳಿವಿನ ದೂರದ ಓಟಕ್ಕೆ ಹಗುರವಾದ ಕ್ರಾಸ್‌ಕಂಟ್ರಿ. ಇದರ ಚಕ್ರ ಸುಮಾರು 100ರಿಂದ 120 ಮಿ.ಮೀ. ಮೇಲೆ ಕೆಳಗೆ ಆಡುತ್ತದೆ. ಕಲ್ಲು, ಬೇರುಗಳ ಕಾಡುದಾರಿಗೆ ಟ್ರೇಲ್ ಸೈಕಲ್: 120ರಿಂದ 150. ಕಡಿದಾದ ಇಳಿಜಾರಿಗೆ ಡೌನ್‌ಹಿಲ್: ಸುಮಾರು 200. ಆದರೆ ಅದನ್ನು ಏರಿನಲ್ಲಿ ತುಳಿಯುವುದು ಪ್ರಯಾಸ.

ಸ್ಪ್ರಿಂಗ್ ಪೆಟ್ಟಿನ ಶಕ್ತಿಯನ್ನು ಹಿಡಿದಿಡುತ್ತದೆ. ಡ್ಯಾಂಪರಿನ ಎಣ್ಣೆ ಅದನ್ನು ಉಷ್ಣವಾಗಿಸುತ್ತದೆ. ಡ್ಯಾಂಪರ್ ಇಲ್ಲದ ಅಗ್ಗದ ಸೈಕಲ್ ಬರೀ ಪುಟಿಯುತ್ತದೆ, ಮಗು ತುಳಿದ ಶ್ರಮವನ್ನೂ ನುಂಗುತ್ತದೆ. ಡಾಂಬರು ರಸ್ತೆಯಲ್ಲಿ ಶಾಲೆಗೆ ಹೋಗುವವರಿಗೆ ಇದಾವುದೂ ಬೇಡ. ಒಳ್ಳೆಯ ಬ್ರೇಕು, ತಲೆಗೆ ಹೆಲ್ಮೆಟ್. ಹಣ ಹಾಕಬೇಕಾದದ್ದು ಅಲ್ಲಿ.