ತವರದ ಹನಿ, ದೇಶಗಳ ಜಿದ್ದು

ನೆದರ್ಲೆಂಡ್ಸ್‌ನ ವೆಲ್ಡ್‌ಹೋವನ್ ಅಂಥ ದೊಡ್ಡ ಊರೇನಲ್ಲ. ಆದರೆ ಅಲ್ಲಿನ ಎಎಸ್‌ಎಂಎಲ್ ಕಂಪನಿಯ ಯಂತ್ರವೊಂದು ಯಾರ ಕೈಸೇರಬೇಕು ಎನ್ನುವ ಜಗಳ ವಾಷಿಂಗ್ಟನ್‌, ಬೀಜಿಂಗ್‌ ಎರಡರ ನಿದ್ದೆಯನ್ನೂ ಕೆಡಿಸಿದೆ. ಅತ್ಯಾಧುನಿಕ ಚಿಪ್‌ಗಳಿಗೆ ಬೇಕಾದ ಇಯುವಿ (ತೀವ್ರ ನೇರಳಾತೀತ ಬೆಳಕಿನ) ಯಂತ್ರವನ್ನು ಮಾರುಕಟ್ಟೆಗೆ ಕೊಡುತ್ತಿರುವುದು ಈ ಕಂಪನಿ ಮಾತ್ರ.

ಯಂತ್ರದೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ 50 ಸಾವಿರದಂತೆ ಚಿಮ್ಮುತ್ತವೆ. ಲೇಸರ್‌ನ ಮೊದಲ ಏಟಿಗೆ ಹನಿ ಚಪ್ಪಟೆಯಾಗುತ್ತದೆ, ಎರಡನೆಯ ಏಟಿಗೆ ಪ್ಲಾಸ್ಮಾ ಆಗುತ್ತದೆ. ಅದರಿಂದ ಹೊಮ್ಮುವ ಬೆಳಕಿನ ತರಂಗಾಂತರ 13.5 ನ್ಯಾನೊಮೀಟರ್. ಈ ಬೆಳಕನ್ನು ಗಾಳಿಯೂ ಹೀರುತ್ತದೆ, ಗಾಜೂ ಹೀರುತ್ತದೆ. ಹಾಗಾಗಿ ನಿರ್ವಾತದಲ್ಲಿ, ಮಸೂರಗಳ ಬದಲು ಕನ್ನಡಿಗಳಿಂದಲೇ ಬೆಳಕನ್ನು ತಿರುಗಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ಚಿಪ್‌ನ ನಕ್ಷೆ ಮೂಡಿಸುತ್ತಾರೆ.

ಕನ್ನಡಿ ಜರ್ಮನಿಯ ಝೈಸ್‌ನದು, ಲೇಸರ್ ಅದೇ ದೇಶದ ಟ್ರಂಪ್ಫ್‌ನದು, ಬೆಳಕಿನ ಮೂಲ ಅಮೆರಿಕದ ಸ್ಯಾನ್ ಡಿಯಾಗೊದ್ದು. ಮೂಲ ಸಂಶೋಧನೆ ಬಹಳಷ್ಟು ನಡೆದದ್ದೂ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳಲ್ಲೇ, 1990ರ ದಶಕದಲ್ಲಿ. ಆಗ ಅಮೆರಿಕ ಡಚ್ಚರನ್ನು ಒಳಗೆ ಬಿಟ್ಟುಕೊಂಡು, ಜಪಾನಿನ ನಿಕಾನ್ ಅನ್ನು ಹೊರಗಿಟ್ಟಿತು. ಅಂದಿನ ಭಯ ಜಪಾನ್, ಇಂದಿನದು ಚೀನಾ. ಹೆದರುವುದು ಮಾತ್ರ ಅದೇ ಅಮೆರಿಕ!

ಚೀನಾಕ್ಕೆ ಒಂದೇ ಒಂದು ಇಯುವಿ ಯಂತ್ರವೂ ಹೋಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಮುಂದುವರಿದ ಚಿಪ್‌ಗಳಿಗೂ ಅವುಗಳ ತಯಾರಿಕಾ ಸಲಕರಣೆಗಳಿಗೂ ಬೇಲಿ ಹಾಕಿತು. ಮರುವರ್ಷ ಚೀನಾ ಚಿಪ್ ತಯಾರಿಕೆಗೆ ಬೇಕಾದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅದೇ ವರ್ಷ ಹುವಾವೆ ಮೇಟ್ 60 ಪ್ರೊ ಫೋನ್ ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಚೀನಾದಲ್ಲೇ ತಯಾರಾದ 7 ನ್ಯಾನೊಮೀಟರ್ ಚಿಪ್. ಹಳೆಯ ತಲೆಮಾರಿನ ಯಂತ್ರದಲ್ಲಿ ಒಂದೇ ಪದರವನ್ನು ಮತ್ತೆ ಮತ್ತೆ ಅಚ್ಚೊತ್ತುವ ದುಬಾರಿ ದಾರಿ ಅದು. ನಿಷೇಧ ಚೀನಾವನ್ನು ನಿಧಾನಗೊಳಿಸಿದೆ, ನಿಜ. ಆದರೆ ಅಲ್ಲಿನ ಸ್ವದೇಶಿ ಯಂತ್ರ ತಯಾರಕರಿಗೆ ಖಾತರಿ ಗಿರಾಕಿಗಳನ್ನು ಒದಗಿಸಿಕೊಟ್ಟದ್ದೂ ಅದೇ ನಿಷೇಧ.

ನಮ್ಮ ಕಥೆ ಬೇರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು. ಅಂದಿನಿಂದ ಇಲ್ಲಿನ ಎಂಜಿನಿಯರುಗಳು ವಿದೇಶಿ ಕಂಪನಿಗಳಿಗೆ ಚಿಪ್ ವಿನ್ಯಾಸ ಮಾಡುತ್ತಿದ್ದಾರೆ. ಮೊಹಾಲಿಯಲ್ಲಿದ್ದ ಸರ್ಕಾರಿ ಚಿಪ್ ಕಾರ್ಖಾನೆಗೆ 1989ರಲ್ಲಿ ಬೆಂಕಿ ಬಿತ್ತು, ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. 2021ರಲ್ಲಿ ಚಿಪ್ ಉದ್ಯಮಕ್ಕೆಂದು ಕೇಂದ್ರ ಘೋಷಿಸಿದ 76,000 ಕೋಟಿ ರೂಪಾಯಿಯಲ್ಲಿ ಬಹುಪಾಲು ಕಾರ್ಖಾನೆ ಕಟ್ಟುವವರಿಗೆ. ಕಾರ್ಖಾನೆ ಬೇಡವೆಂದಲ್ಲ. ಆದರೆ ಎಎಸ್‌ಎಂಎಲ್ 2006ರಲ್ಲಿ ಕಳಿಸಿಕೊಟ್ಟ ಪ್ರಾಯೋಗಿಕ ಇಯುವಿ ಯಂತ್ರ ಭಾರೀ ಪ್ರಮಾಣದ ಉತ್ಪಾದನೆಗೆ ಒಗ್ಗುವಷ್ಟರಲ್ಲಿ 2019 ಬಂದಿತ್ತು. ಲಾಭದ ಮುಖ ಕಾಣದೆ ಅಷ್ಟು ವರ್ಷ ಕಾಯುವ ಹಣ ಭಾರತದಲ್ಲಿ ಸರ್ಕಾರದ ಬಳಿ ಮಾತ್ರ ಇದೆ. ಆ ಹಣ ಪ್ರಯೋಗಾಲಯಗಳಿಗೆ ಹೋಗಬೇಕು.