ಮಂಡಿನೋವಿಗೆ ಮಾತ್ರೆ, ಮೂತ್ರಪಿಂಡಕ್ಕೆ ಏಟು!

“ನೋವಿನ ಮಾತ್ರೆ ನಾಲ್ಕು ಕೊಡಪ್ಪಾ, ಬೇಗ! ಬಸ್ಸು ಹೊರಡ್ತದೆ!”

ಬಸ್ ನಿಲ್ದಾಣದೆದುರಿನ ಔಷಧದಂಗಡಿಗಳಲ್ಲಿ ಬೆಳಗಾದರೆ ಕೇಳಿಬರುವ ಮಾತಿದು. ಕೇಳುವವರಿಗೆ ಅರವತ್ತು ದಾಟಿದೆ. ಕೈಯಲ್ಲಿ ಡಾಕ್ಟರ ಚೀಟಿ ಇಲ್ಲ. ಕೊಡುವವರು ಪ್ರಶ್ನೆ ಕೇಳುವುದಿಲ್ಲ, ನುಂಗುವವರು ಯೋಚಿಸುವುದಿಲ್ಲ.

ಈ ಮದ್ದಿನ ಇನ್ನೊಂದು ಮುಖ ಕಾಣಬೇಕಾದರೆ ರಾಮನಗರದ ರಾಮದೇವರ ಬೆಟ್ಟದತ್ತ ನೋಡಬೇಕು. ಅಲ್ಲಿ 2012ರಲ್ಲಿ ರಣಹದ್ದು ಧಾಮವಾಯಿತು. ಹದ್ದಿಗೆ ಆಸರೆ ಯಾಕೆ ಬೇಕಾಯಿತು? ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿಯಿತು. ಅದನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ದೇಶದುದ್ದಕ್ಕೂ ಸತ್ತು ಬಿದ್ದವು. 2006ರಲ್ಲಿ ದನಕರುಗಳಿಗೆ ಆ ಮದ್ದು ನಿಷೇಧವಾಯಿತು. ಮನುಷ್ಯರ ಪಾಲಿಗೆ ಅದು ಇಂದಿಗೂ ಅಂಗಡಿಯಲ್ಲಿದೆ!

ಮನುಷ್ಯ ಹದ್ದಲ್ಲ, ನಿಜ. ಅಪರೂಪಕ್ಕೊಂದು ಮಾತ್ರೆ ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಮಾಡದು. ಮುದುಕರ ಮಾತೇ ಬೇರೆ. ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳ ಬಿಗಿಯದಂತೆ ಕಾಯುವ ವಸ್ತುವೊಂದು ದೇಹದಲ್ಲೇ ಹುಟ್ಟುತ್ತದೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ನೋವಿನ ಜೊತೆ ಅದನ್ನೂ ತಡೆಯುತ್ತವೆ. ವಯಸ್ಸಾಗಿ ಮೊದಲೇ ಸೊರಗಿದ ಮೂತ್ರಪಿಂಡ, ಮೇಲೆ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ. ಸಾಲದ್ದಕ್ಕೆ ಬಸ್ ಪ್ರಯಾಣವೆಂದು ನೀರೂ ಕುಡಿಯದಿದ್ದರೆ? ಕುತ್ತು ತಂತಾನೇ ಬಂದೀತು.

ಮೂತ್ರಪಿಂಡ ಹಲ್ಲಿನಂತೆ ಕೂಗಿಕೊಳ್ಳುವುದಿಲ್ಲ. ಕಾಲು ಊದಿ, ಊಟ ಸೇರದಾಗ ತಿಳಿಯುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಆಮೇಲೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆಂದು ಬಸ್ಸು ಹತ್ತಬೇಕು!

ದಾರಿ ಇಲ್ಲವೆಂದಲ್ಲ. ಮಂಡಿನೋವಿಗೆ ಬಿಸಿ ಶಾಖ, ಹಚ್ಚುವ ಮುಲಾಮು, ಡಾಕ್ಟರು ಹೇಳಿಕೊಡುವ ವ್ಯಾಯಾಮ ಮೊದಲು. ಪ್ಯಾರಾಸಿಟಮಾಲ್ ಮೂತ್ರಪಿಂಡಕ್ಕೆ ಅಷ್ಟು ಭಾರವಲ್ಲ. ಅಳತೆ ಮೀರಿದರೆ ಲಿವರಿಗೆ ಕುತ್ತು. ಬಿ.ಪಿ., ಸಕ್ಕರೆ ಕಾಯಿಲೆಯವರು ರಕ್ತದ ಕ್ರಿಯಾಟಿನಿನ್, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಲಿ. ಹಾಗೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಅಂಗಡಿಯವರಿಗೂ ಒಂದು ಮಾತು. ಡೈಕ್ಲೋಫೆನಾಕ್ ಮಾತ್ರೆ ಚೀಟಿಯಿಲ್ಲದೆ ಮಾರುವಂತಿಲ್ಲ. ಬೀಡಿ-ಬೆಂಕಿಪೊಟ್ಟಣದ ಪೆಟ್ಟಿಗೆ ಅಂಗಡಿಯಲ್ಲಂತೂ ಇಡಲೇಬಾರದು. “ಬಿ.ಪಿ. ಇದೆಯಾ ಯಜಮಾನ್ರೇ? ಬೇರೆ ಯಾವ ಮಾತ್ರೆ ತಗೋತಿದೀರಿ?” ಇಷ್ಟು ಕೇಳಲು ಅರ್ಧ ನಿಮಿಷ ಸಾಕು.

ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ಹೋದ ಮೂತ್ರಪಿಂಡ ಬರುವುದಿಲ್ಲ.